ಕರುಳಿಗೂ ಹಾರ್ಮೋನ್ ಇರ್ತದೇನ್ರೀ?

ಪ್ರಶ್ನೆ: ನಮಸ್ಕಾರ ಡಾಕ್ಟರ್ರೇ, ನನಗ 52 ವರ್ಷ, ಲಿಂಬಿ ತೋಟ ಅದ, ಎರಡು ವರ್ಷದಿಂದ ಶುಗರ್. ಮೊನ್ನೆ ಡಾಕ್ಟರು ಗ್ಲಿಪ್ಟಿನ್ ಗುಳಿಗಿ ಬರದ್ರು, ಕರುಳಿನ ಹಾರ್ಮೋನ್ ಉಳಸೋ ಗುಳಿಗಿ ಇದು ಅಂದ್ರು. ಕರುಳಿಗೂ ಹಾರ್ಮೋನ್ ಇರ್ತದೇನ್ರೀ? ಇನ್ನೊಂದು, ನಮ್ಮ ಬೀಗರು ಆಂಟಿಆಕ್ಸಿಡೆಂಟ್ ಪುಡಿ ಡಬ್ಬಿ ತಂದುಕೊಟ್ಟಾರ, ಇದನ್ನ ಕುಡದ್ರ ಗುಳಿಗಿ ಬಿಡಬಹುದು ಅಂತಾರ. ಏನ್ ಮಾಡ್ಲಿ?
- ಒಬ್ಬ ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಮೊದಲ ಒಂದ್ ಮಾತು, ಗುಳಿಗಿ ಬಿಡಬ್ಯಾಡ್ರಿ.

ಇನ್ನ ಕರುಳಿನ ಮಾತು. ಹಾರ್ಮೋನ್ ಅನ್ನೋ ಕಥಿ ಸುರು ಆಗಿದ್ದೇ ಅಲ್ಲಿಂದ್ರೀ. 1902ರಾಗ ಲಂಡನ್ನಿನಾಗ ಬೇಲಿಸ್, ಸ್ಟಾರ್ಲಿಂಗ್ ಅಂತ ಇಬ್ರು ವಿಜ್ಞಾನಿಗಳು ನಾಯಿ ಕರುಳಿನ ನರ ಎಲ್ಲಾ ಕತ್ತರಿಸಿ, ಆ ಕರುಳಿನಾಗ ಆಸಿಡ್ ಹಾಕಿ ನೋಡಿದ್ರು, ನರ ಇಲ್ದಿದ್ರೂ ಮೇದೋಜೀರಕ ಗ್ರಂಥಿ ರಸ ಬಿಟ್ತು! ಅಂದ್ರ ಸುದ್ದಿ ರಕ್ತದಾಗ ಹೋಗೇದ ಅಂತ ಆತು. ಆ ಸುದ್ದಿ ಒಯ್ದದ್ದಕ್ಕ ಸೆಕ್ರೆಟಿನ್ ಅಂದ್ರು, ಹಿಂಗ ರಕ್ತದಾಗ ಸುದ್ದಿ ಒಯ್ಯೋದಕ್ಕೆಲ್ಲಾ ಹಾರ್ಮೋನ್ ಅನ್ನೋ ಶಬ್ದ ಬಂದಿದ್ದು 1905ರಾಗ.

ನಿಮ್ಮ ಗುಳಿಗಿ ಉಳಸೋದ್ರಾಗ ಮುಖ್ಯವಾದ ಹಾರ್ಮೋನ್ ಅಂದ್ರ ಜಿಎಲ್‌ಪಿ-1. ಇದೊಂದು ಪೆಪ್ಟೈಡ್, ಅಮೈನೋ ಆಸಿಡ್ ಮಣಿ ಪೋಣಿಸಿದ ಗಿಡ್ಡ ಸರ ಅನ್ಕೋರಿ. ನೀವು ರೊಟ್ಟಿ ಮುರ್ದು ಝುಣಕದಾಗ ಅದ್ದಿ ಉಣ್ಣಾಕತ್ರಿ, ತುತ್ತು ಕರುಳಿಗೆ ಇಳೀತು ಅಂದ್ರ ಕರುಳಿನ ಗೋಡಿಯಾಗಿನ ಎಲ್ ಕೋಶಗಳು ಇದನ್ನ ರಕ್ತಕ್ಕ ಬಿಡ್ತಾವ, ಅದು ಮೇದೋಜೀರಕಕ್ಕ ಸಕ್ರಿ ಬರಾಕತ್ತೇದ ಇನ್ಸುಲಿನ್ ಬಿಡು ಅಂತದ, ಜಠರಕ್ಕ ಸಾವಕಾಶ ಕಳಸು ಅಂತದ, ತಲಿಗೆ ಸಾಕು ಅಂತದ. ಅದಕ್ಕ ನೋಡ್ರಿ, ಗ್ಲುಕೋಸ್ ಬಾಯಿಂದ ಕುಡದಾಗ ಬರೋವಷ್ಟು ಇನ್ಸುಲಿನ್ ಅದನ್ನೇ ಸಲೈನ್ ಹಚ್ಚಿ ಕೊಟ್ರ ಬರೂದಿಲ್ಲ. ಆದ್ರ ಪಾಪ, ಇದರ ಆಯುಷ್ಯ ಎರಡ ನಿಮಿಷ. ಡಿಪಿಪಿ-4 ಅನ್ನೋ ಎಂಜೈಮ್ ಬಂದು ಕತ್ತರಿ ಹಾಕ್ತದ. ಗ್ಲಿಪ್ಟಿನ್ ಮಾಡೋದು ಆ ಕತ್ತರಿ ಹಿಡದು ನಿಲ್ಲಸೋದು, ಅಷ್ಟ.

ಇನ್ನ ಬೀಗರ ಡಬ್ಬಿ. ತೊಗರಿ ಕಟ್ಟಿಗಿ ಒಲಿ ಚಟಪಟ ಕಿಡಿ ಹಾರಸ್ತದಲ್ಲ, ಹಂಗ ಮೈಯಾಗ ಆಹಾರ ಉರಿಯೋವಾಗ ಫ್ರೀ ರಾಡಿಕಲ್ ಹುಟ್ತಾವ, ಒಂದು ಎಲೆಕ್ಟ್ರಾನ್ ಕಡಿಮಿ ಇರ್ತದ, ಸಿಕ್ಕವರ ಹತ್ರ ಕಸಗೋತಾವ. ಆಂಟಿಆಕ್ಸಿಡೆಂಟ್ ತನ್ನದೊಂದು ಕೊಟ್ಟು ಸುಮ್ನ ಮಾಡ್ತದ. ಇದನ್ನ ಮೈ ತಾನ ತಯಾರ್ ಮಾಡ್ತದ್ರೀ. ಗ್ಲುಟಾಥಯೋನ್ ಅಂತ ಒಂದದ, ಮೂರ ಮಣಿ ಸರ, ಅದೂ ಪೆಪ್ಟೈಡೇ! ಉಳಿದದ್ದು ನಿಮ್ಮ ತೋಟದ ಲಿಂಬಿ, ಪುಂಡಿಪಲ್ಯಾ, ಶೇಂಗಾದಾಗ ಬರ್ತದ. ಲಿಂಬಿ ಹಿಂಡೋದಿದ್ರ ಒಲಿ ಇಳಿಸಿದ ಮ್ಯಾಲ ಹಿಂಡ್ರಿ, ಕುದಿಸಿದ್ರ ಅದರಾಗಿನ ಆಂಟಿಆಕ್ಸಿಡೆಂಟ್ ವಿಟಮಿನ್ ಸಿ ಹೋಗ್ತದ. ಗುಳಿಗಿ ರೂಪದಾಗ ಜಾಸ್ತಿ ತಗೊಂಡ್ರ ಛಲೋನೇ ಆಗ್ತದ ಅಂತಿಲ್ಲ, ಫಿನ್‌ಲ್ಯಾಂಡಿನಾಗ ಸಿಗರೇಟ್ ಸೇದೋ ಗಂಡಸರಿಗೆ ಬೀಟಾ ಕ್ಯಾರೊಟೀನ್ ಅನ್ನೋ ಆಂಟಿಆಕ್ಸಿಡೆಂಟ್ ಕೊಟ್ಟು ನೋಡಿದ್ರು, 1994ರಾಗ ಲೆಕ್ಕ ತಗದ್ರ ಶ್ವಾಸಕೋಶದ ಕ್ಯಾನ್ಸರ್ ಕಡಿಮಿ ಆಗೋದು ಬಿಟ್ಟು ಜಾಸ್ತಿ ಆಗಿತ್ತು.

ಬೀಗರ ಮನಸ್ಸು ನೋಯಸಬ್ಯಾಡ್ರಿ. ಡಬ್ಬಿ ತಿರುವಿ ಸಣ್ಣ ಅಕ್ಷರ ಓದ್ರಿ, ಮಾಲ್ಟೋಡೆಕ್ಸ್‌ಟ್ರಿನ್ ಅಂತ ಇದ್ರ, ಅದು ಪಿಷ್ಟದಿಂದ ಮಾಡಿದ ಪುಡಿ, ಅದೂ ಸಕ್ರಿ ಏರಸೋದೇ, ಅವರಿಗೂ ತೋರಸ್ರಿ.