ಅರ್ಥವಾಗುತ್ತದೆ, ಆದರೆ ಮಾತು ಹೊರಡುವುದಿಲ್ಲ

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಈಗ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಇಂಗ್ಲಿಷಿನ ಇ-ಮೇಲ್‌ಗಳಿಗೆ ಉತ್ತರ ಬರೆಯಬಲ್ಲೆ, ಇತರರು ಆಡಿದ್ದೂ ತಿಳಿಯುತ್ತದೆ. ಆದರೆ ಮೀಟಿಂಗ್‌ನಲ್ಲಿ ನನ್ನ ಸರದಿ ಬಂದರೆ ಗಂಟಲು ಕಟ್ಟುತ್ತದೆ. ಮನಸ್ಸಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಮಾತು ಬೇರೆ ವಿಷಯಕ್ಕೆ ಹೊರಳಿರುತ್ತದೆ. ವ್ಯಾಕರಣವನ್ನು ಮೊದಲಿನಿಂದ ಕಲಿಯಲೇ? ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸೇರಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಇ-ಮೇಲ್‌ಗೆ ಸ್ವತಃ ಉತ್ತರ ಬರೆಯುವವರಿಗೆ ವ್ಯಾಕರಣದ ಕೊರತೆ ದೊಡ್ಡದೇನೂ ಇರುವುದಿಲ್ಲ. ನಿಮಗೆ ಬರುವ ಇಂಗ್ಲಿಷ್ ಕಣ್ಣಿಗೆ ಮತ್ತು ಕೈಗೆ ಒಗ್ಗಿದೆ, ನಾಲಿಗೆಗೆ ಇನ್ನೂ ಒಗ್ಗಿಲ್ಲ. ಆದ್ದರಿಂದ ವ್ಯಾಕರಣದ ಪುಸ್ತಕವನ್ನು ಮೊದಲ ಪುಟದಿಂದ ತೆರೆಯುವುದು ಬೇಡ.

ವಾಕ್ಯ ಜೋಡಿಸಲು ತಡವಾಗುವುದಕ್ಕೆ ಒಂದು ಸ್ಪಷ್ಟ ಕಾರಣವಿದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಕಾರಣ, ಕಾಲ, ವಿವರಗಳೆಲ್ಲ ಅದಕ್ಕೂ ಮುಂಚೆ ಸಾಲುಗಟ್ಟುತ್ತವೆ. ‘ನಿನ್ನೆ ಬಂದ ಬಿಲ್ಲುಗಳಲ್ಲಿ ಮೂರರ ಮೇಲೆ ಜಿಎಸ್‌ಟಿ ನಂಬರ್ ಇಲ್ಲದ್ದರಿಂದ ಅವನ್ನು ಪಾಸ್ ಮಾಡಿಲ್ಲ’ ಎಂಬ ವಾಕ್ಯವನ್ನು ಹೀಗೆಯೇ ಹಿಡಿದು ಇಂಗ್ಲಿಷಿಗೆ ತಿರುಗಿಸಲು ಹೊರಟರೆ, ಇಡೀ ವಾಕ್ಯವನ್ನು ನೆನಪಿನಲ್ಲಿ ಇಟ್ಟುಕೊಂಡು ತಲೆಕೆಳಗು ಮಾಡಬೇಕಾಗುತ್ತದೆ, ಅಷ್ಟಕ್ಕೆ ಮೀಟಿಂಗ್‌ನಲ್ಲಿ ಯಾರೂ ಕಾಯುವುದಿಲ್ಲ. ಅದರ ಬದಲು ಯಾರು, ಏನು ಮಾಡಿದರು ಎಂಬುದನ್ನು ಮೊದಲು ಹೇಳಿ ನಿಲ್ಲಿಸಿ: ‘ಐ ಹ್ಯಾವ್ ನಾಟ್ ಪಾಸ್ಡ್ ತ್ರೀ ಬಿಲ್ಸ್.’ ಆಮೇಲೆ ಕಾರಣವನ್ನು ಬೇರೆ ವಾಕ್ಯದಲ್ಲಿ ಹೇಳಿ: ‘ದೇ ಡೋಂಟ್ ಹ್ಯಾವ್ ಎ ಜಿಎಸ್‌ಟಿ ನಂಬರ್.’ ಎರಡೂ ಚಿಕ್ಕ ವಾಕ್ಯಗಳು, ಎರಡೂ ಸರಿಯಾದವು, ಕೇಳುವವರಿಗೂ ಇದೇ ಅನುಕೂಲ. ಉದ್ದನೆಯ ವಾಕ್ಯ ಆಡಿದರೆ ಮಾತ್ರ ಇಂಗ್ಲಿಷ್ ಬಂದಂತೆ ಎಂಬ ಭಾವನೆ ನಮ್ಮಲ್ಲಿ ಬಹಳ ಮಂದಿಗಿದೆ. ಅದನ್ನು ದಯವಿಟ್ಟು ಬಿಟ್ಟುಬಿಡಿ.

ನೀವು ಮೀಟಿಂಗ್‌ನಲ್ಲಿ ಆಡಬೇಕಾದ ಮಾತು ಅಪಾರವಾದುದಲ್ಲ. ಯಾವ ಪಾವತಿ ಬಾಕಿ ಇದೆ, ಯಾವ ಬಿಲ್ ತಡವಾಗಿದೆ, ಯಾರಿಂದ ಒಪ್ಪಿಗೆ ಬರಬೇಕು, ತಿಂಗಳ ಕೊನೆಯ ಲೆಕ್ಕ ಎಂದಿಗೆ ಮುಗಿಯುತ್ತದೆ ಎಂಬಿಷ್ಟರ ಸುತ್ತಲೇ ಅದು ತಿರುಗುತ್ತಿರುತ್ತದೆ. ಈ ವಾಕ್ಯಗಳನ್ನು ಬರೆದುಕೊಂಡು, ಮನೆಯಲ್ಲಿ ಬಾಯಿಬಿಟ್ಟು, ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು. ಇದಕ್ಕೆ ಬಹಳ ಉಪಯುಕ್ತವಾದ ಒಂದು ಅಭ್ಯಾಸ ನ್ಯೂಜಿಲೆಂಡಿನ ಭಾಷಾ ಶಿಕ್ಷಣ ತಜ್ಞ ಪಾಲ್ ನೇಷನ್ ಅವರ ಬರಹಗಳಿಂದ ಪ್ರಚಾರಕ್ಕೆ ಬಂದಿದೆ: ಒಂದೇ ವಿಷಯವನ್ನು ಒಬ್ಬರಿಗೆ 4 ನಿಮಿಷ ಹೇಳುವುದು, ಅದನ್ನೇ ಇನ್ನೊಬ್ಬರಿಗೆ 3 ನಿಮಿಷದಲ್ಲಿ, ಮತ್ತೊಬ್ಬರಿಗೆ 2 ನಿಮಿಷದಲ್ಲಿ ಹೇಳುವುದು. ಎರಡನೆಯ ಸಲಕ್ಕೆ ಏನು ಹೇಳಬೇಕೆಂದು ಹುಡುಕುವ ಕೆಲಸವಿರುವುದಿಲ್ಲವಾದ್ದರಿಂದ ಮನಸ್ಸೆಲ್ಲ ಹೇಗೆ ಹೇಳಬೇಕು ಎಂಬುದರ ಕಡೆಗೆ ತಿರುಗುತ್ತದೆ, ಮೂರನೆಯ ಸಲಕ್ಕೆ ತಡವರಿಕೆ ತಾನಾಗಿಯೇ ಕಡಿಮೆಯಾಗುತ್ತದೆ. ಕೇಳುವವರು ಸಿಗದಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಕೆಲಸದ ಮಾತಿನ ಮೂಲಕವೇ ಭಾಷೆ ಬರುತ್ತದೆಯೇ ಎಂದು ನೀವು ಅನುಮಾನಿಸಬಹುದು. ಭಾಷಾ ಶಿಕ್ಷಣ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾ ಶಿಕ್ಷಣದ ಲೋಕದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಅಲ್ಲಿ ಮಕ್ಕಳಿಗೆ ವ್ಯಾಕರಣದ ನಿಯಮ ಹೇಳಿಕೊಡುವ ಬದಲು ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟು ಇಂಗ್ಲಿಷಿನಲ್ಲಿಯೇ ಸಮಸ್ಯೆ ಬಿಡಿಸಲು ಹಚ್ಚುತ್ತಿದ್ದರು. ಗಮನ ಅರ್ಥದ ಮೇಲೆ ನೆಟ್ಟಿರುವಾಗಲೇ ಭಾಷೆಯ ರಚನೆ ಚೆನ್ನಾಗಿ ಮೈಗೂಡುತ್ತದೆ ಎಂಬುದು ಅವರ ನಿಲುವಾಗಿತ್ತು. ನಿಮಗೆ ವೇಳಾಪಟ್ಟಿಯ ಬದಲು ಬಿಲ್ಲು, ವೋಚರ್‌ಗಳಿವೆ, ಅಷ್ಟೇ.

ಮೀಟಿಂಗ್‌ನಲ್ಲಿ ಸರದಿಗೆ ಕಾಯುತ್ತ ಕುಳಿತಷ್ಟೂ ಎದೆಬಡಿತ ಏರುತ್ತದೆ. ಆರಂಭದಲ್ಲಿಯೇ ಒಂದು ಚಿಕ್ಕ ಪ್ರಶ್ನೆಯನ್ನಾದರೂ ಕೇಳಿಬಿಡಿ. ಉತ್ತರ ತಕ್ಷಣ ಹೊಳೆಯದಿದ್ದಾಗ ‘ಲೆಟ್ ಮಿ ಚೆಕ್ ಅಂಡ್ ಟೆಲ್ ಯು’ ಎಂಬ ಮಾತು ನಾಲಿಗೆಯ ತುದಿಯಲ್ಲಿರಲಿ. ಮಾತಿನ ನಡುವೆ ತಪ್ಪಾಯಿತೆಂದು ಅನ್ನಿಸಿದರೆ ನಿಲ್ಲಿಸಿ ತಿದ್ದಿಕೊಳ್ಳಬೇಡಿ, ಮೊತ್ತ ಅಥವಾ ದಿನಾಂಕ ತಪ್ಪಿದ್ದರೆ ಮಾತ್ರ ತಿದ್ದಿ.

ಕೋರ್ಸಿನ ವಿಚಾರ: ಹಣ ಕಟ್ಟುವ ಮುನ್ನ ಒಂದು ತರಗತಿಯಲ್ಲಿ ಕುಳಿತು ನೋಡಿ. ಹೆಚ್ಚಿನ ಹೊತ್ತು ಶಿಕ್ಷಕರೇ ಮಾತನಾಡುತ್ತಿದ್ದರೆ ಸೇರಬೇಡಿ.

ಪ್ರಶ್ನೆ: ಇಂಗ್ಲಿಷ್ ಮಾತನಾಡುವಾಗ ಕನ್ನಡದ ಛಾಯೆ ಬರುತ್ತದೆಂದು ಸಹೋದ್ಯೋಗಿಗಳು ನಗುತ್ತಾರೆ. ಇದನ್ನು ಹೋಗಲಾಡಿಸುವುದು ಹೇಗೆ?
— ಓದುಗರು, ಶಿವಮೊಗ್ಗ

ಉತ್ತರ: ಹೋಗಲಾಡಿಸಬೇಕಾಗಿಲ್ಲ. ತಮಿಳರ ಇಂಗ್ಲಿಷಿನಲ್ಲಿ ತಮಿಳು, ಬಂಗಾಳಿಗಳ ಇಂಗ್ಲಿಷಿನಲ್ಲಿ ಬಂಗಾಳಿ ಕೇಳಿಸುವಂತೆ ನಮ್ಮದರಲ್ಲಿ ಕನ್ನಡ ಕೇಳಿಸುತ್ತದೆ, ಅದಕ್ಕಾಗಿ ನಗುವವರ ನಡತೆಯೇ ಸರಿಯಿಲ್ಲ. ತಿದ್ದಿಕೊಳ್ಳಬೇಕಾದದ್ದು ಅರ್ಥಕ್ಕೆ ಅಡ್ಡಿಯಾಗುವುದನ್ನು ಮಾತ್ರ. ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ. ‘ಹೋಟೆಲ್’ನಲ್ಲಿ ಆ ಒತ್ತು ‘ಟೆಲ್’ ಮೇಲೆ, ‘ಡೆವಲಪ್’ನಲ್ಲಿ ‘ವೆ’ ಮೇಲೆ. ನಾವು ಸಾಮಾನ್ಯವಾಗಿ ಮೊದಲ ಅಕ್ಷರವನ್ನೇ ಒತ್ತುವುದರಿಂದ ಹೊರದೇಶದವರಿಗೆ ಪದ ಗುರುತು ಸಿಗದೆ ಹೋಗಬಹುದು. ಒತ್ತು ಬೀಳುವ ಅಕ್ಷರಕ್ಕಿಂತ ಮೊದಲು ಇಂಗ್ಲಿಷ್ ನಿಘಂಟುಗಳು ಒಂದು ಸಣ್ಣ ನೆಟ್ಟಗೆರೆ ಹಾಕಿರುತ್ತವೆ. ನಿಮ್ಮ ಕೆಲಸದಲ್ಲಿ ದಿನವೂ ಬಳಕೆಯಾಗುವ ಪದಗಳಿಗೆ ಆ ಗೆರೆ ಎಲ್ಲಿದೆಯೆಂದು ನೋಡಿಕೊಂಡು ಹೇಳಿ ರೂಢಿಸಿಕೊಂಡರೆ ಸಾಕು.