ಬಿಗಿ ಕೈಯ ಸಂಸಾರದಲ್ಲಿ ನಾಯಿ ಸಾಕಣೆ: ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ತೋಡಿಕೊಂಡಿವೆ. ಮನೆ ಬಾಡಿಗೆ, ಹಾಲು, ತರಕಾರಿ, ಮಕ್ಕಳ ಶಾಲಾ ಶುಲ್ಕ ಎಲ್ಲವನ್ನೂ ಕಳೆದು ಕೈಯಲ್ಲಿ ಉಳಿಯುವ ಹಣದಲ್ಲಿ ಬೆಂಗಳೂರಿನಂಥ ಊರಿನಲ್ಲಿ ಒಂದು ನಾಯಿಯನ್ನು ಸರಿಯಾಗಿ ಸಾಕುವುದು ಸಾಧ್ಯವೇ ಎಂಬುದು ಆ ಸಂಕಟ. ಸಾಧ್ಯವಿದೆ. ಆದರೆ ಎಲ್ಲಿ ಉಳಿಸಬೇಕೋ ಅಲ್ಲಿ ಧಾರಾಳವಾಗಿ ಸುರಿದು, ಎಲ್ಲಿ ಖರ್ಚು ಮಾಡಲೇಬೇಕೋ ಅಲ್ಲಿ ಕೈ ಹಿಂದೆಗೆಯುವ ಮನೆಗಳನ್ನೇ ನಾನು ಹೆಚ್ಚಾಗಿ ನೋಡುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಮಲ್ಲೇಶ್ವರದಲ್ಲಿ ಪಿಂಚಣಿಯನ್ನೇ ನಂಬಿ ಬದುಕುತ್ತಿದ್ದೇನೆ. ಬೀದಿಯಿಂದ ತಂದು ಸಾಕಿದ ಕೆಂಚನಿಗೆ ಈಗ ನಾಲ್ಕು ವರ್ಷ, ತೂಕ 15 ಕೆ.ಜಿ. ಪ್ಯಾಕೆಟ್ ಆಹಾರದ ಖರ್ಚು ತಡೆಯಲಾರದೆ ಎರಡು ತಿಂಗಳಿನಿಂದ ಮೊಸರನ್ನ, ಒಮ್ಮೊಮ್ಮೆ ನಮ್ಮದೇ ಹುಳಿ ಕಲಸಿದ ಅನ್ನ ಹಾಕುತ್ತಿದ್ದೇನೆ. ನಮ್ಮದು ಸಸ್ಯಾಹಾರಿ ಮನೆ. ಮೊಟ್ಟೆಯನ್ನು ಬೇಕಾದರೆ ಹಿತ್ತಲಿನಲ್ಲಿ ಬೇರೆ ಪಾತ್ರೆಯಲ್ಲಿ ಬೇಯಿಸಿಯೇನು, ಮಾಂಸ ಆಗದು. ಅದು ಬಾಲ ಅಲ್ಲಾಡಿಸಿಕೊಂಡು ತಿನ್ನುತ್ತದೆ. ಇಷ್ಟು ಸಾಕೇ?

ಉತ್ತರ: ಮೊಸರನ್ನ ಸಾಲದು, ಹುಳಿಯನ್ನ ಕೂಡದು. ಬಾಲ ಅಲ್ಲಾಡಿಸಿದ್ದನ್ನು ಪುರಾವೆಯಾಗಿ ಹಿಡಿಯಬೇಡಿ, ನಾಯಿ ಉಂಡೆ ಬೆಲ್ಲಕ್ಕೂ ಬಾಲ ಅಲ್ಲಾಡಿಸುತ್ತದೆ.

ಮೊದಲು ಹುಳಿಯ ವಿಚಾರ. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದ ಮಾತ್ರಕ್ಕೆ ಆ ಗುಣ ಹೋಗುವುದಿಲ್ಲ. ದೇಹದ ತೂಕದ ಶೇ. 0.5ಕ್ಕಿಂತ ಹೆಚ್ಚು ಈರುಳ್ಳಿ ಒಂದೇ ಸಲ ಹೊಟ್ಟೆಗೆ ಹೋದರೆ ತೊಂದರೆ ಖಚಿತ. ಕೆಂಚನ ಲೆಕ್ಕದಲ್ಲಿ ಅದು 75 ಗ್ರಾಂ, ಅಂದರೆ ಮಧ್ಯಮ ಗಾತ್ರದ ಒಂದು ಈರುಳ್ಳಿ. ದಿನವೂ ಸ್ವಲ್ಪ ಸ್ವಲ್ಪ ಹೋಗುತ್ತಿದ್ದರೂ ಹಾನಿ ತಪ್ಪದು. ನಿಮ್ಮ ಮನೆಯಲ್ಲಿ ಈರುಳ್ಳಿ ಬಳಸದಿದ್ದರೂ ಹುಳಿಯ ಉಪ್ಪು, ಖಾರ, ಒಗ್ಗರಣೆ ಅದಕ್ಕೆ ಬೇಕಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ ಆದ್ದರಿಂದ ಹಬ್ಬದ ದಿನ ಉಳಿದ ಪಾಯಸವನ್ನು ಅದರ ತಟ್ಟೆಗೆ ಸುರಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಬೇಕು.

ಇನ್ನು ಮೊಸರನ್ನ. ಹಳೆಯ ಬೆಂಗಳೂರಿನ ನಾಯಿಗಳು ಮುದ್ದೆ, ಅನ್ನ ತಿಂದೇ ಗಟ್ಟಿಮುಟ್ಟಾಗಿ ಬೆಳೆದವು ಎಂದು ನನ್ನ ಬಳಿಗೆ ಬರುವ ಹಿರಿಯರು ಹೇಳುವುದುಂಟು. ಆ ಮಾತು ಸುಳ್ಳಲ್ಲ, ಆದರೆ ಆ ನಾಯಿಗಳು ಹಿತ್ತಲಿನಲ್ಲಿ ಇಲಿ, ಓತಿಕ್ಯಾತಗಳನ್ನು ಹಿಡಿದು ತಿಂದು ಬರುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಾಂಪೌಂಡಿನೊಳಗೇ ಇರುವ ಕೆಂಚನಿಗೆ ಪ್ರೋಟೀನು ನೀವು ಹಾಕುವ ತಟ್ಟೆಯಿಂದಲೇ ಬರಬೇಕು.

ಸಂತಾನಹರಣವಾಗಿರುವ, ಹೆಚ್ಚು ಓಡಾಟವಿಲ್ಲದ 15 ಕೆ.ಜಿ. ತೂಕದ ನಾಯಿಗೆ ದಿನಕ್ಕೆ ಸುಮಾರು 750 ಕ್ಯಾಲೊರಿ ಬೇಕಾಗುತ್ತದೆ. ಅಕ್ಕಿ 80 ಗ್ರಾಂ, ಹೆಸರುಬೇಳೆ 50 ಗ್ರಾಂ, ಒಂದು ಹಿಡಿ ಸಿಹಿಗುಂಬಳ ಅಥವಾ ಕ್ಯಾರೆಟ್ ಇವಿಷ್ಟನ್ನು ಉಪ್ಪಿಲ್ಲದೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, 30 ಗ್ರಾಂ ರಾಗಿ ಹಿಟ್ಟನ್ನು ಗಂಜಿಯಂತೆ ಕಾಯಿಸಿ ಬೆರೆಸಿ, ಬೇಯಿಸಿದ ಎರಡು ಮೊಟ್ಟೆ ಮತ್ತು ಒಂದು ಸಣ್ಣ ಬಟ್ಟಲು ಮೊಸರನ್ನು ಸೇರಿಸಿದರೆ ಅಷ್ಟು ಕ್ಯಾಲೊರಿಯೂ ಸುಮಾರು 35 ಗ್ರಾಂ ಪ್ರೋಟೀನೂ ಸಿಗುತ್ತವೆ. ಇದನ್ನು ಬೆಳಿಗ್ಗೆ, ಸಂಜೆ ಎರಡು ಹೊತ್ತಿಗೆ ಹಂಚಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ನಾವು ಹಾಕುವುದು 30 ಗ್ರಾಂ, ನಾಯಿಗೆ ಬೇಕಾದದ್ದು ಒಂದು ಗ್ರಾಂ ಹತ್ತಿರದಷ್ಟು ಕ್ಯಾಲ್ಸಿಯಂ. ಅದಕ್ಕಾಗಿ ಮೊಟ್ಟೆಯ ಚಿಪ್ಪುಗಳನ್ನು ತೊಳೆದು, ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಟ್ಟುಕೊಂಡು ದಿನಕ್ಕೆ ಅರ್ಧ ಟೀ ಚಮಚ ಬೆರೆಸಿದರೆ ಸಾಕು, ಕಾಸು ಖರ್ಚಿಲ್ಲ. ಸತು, ವಿಟಮಿನ್ ಡಿ, ಅಯೋಡಿನ್ ಮುಂತಾದವು ಮಾತ್ರ ಯಾವ ಮನೆಯಡುಗೆಯಲ್ಲೂ ಪೂರ್ತಿ ಸಿಗುವುದಿಲ್ಲವಾದ್ದರಿಂದ ನಾಯಿಗೆಂದೇ ತಯಾರಾದ ವಿಟಮಿನ್ ಮತ್ತು ಖನಿಜಾಂಶದ ಪುಡಿಯೊಂದನ್ನು ವೈದ್ಯರನ್ನು ಕೇಳಿ ತರಬೇಕಾಗುತ್ತದೆ. ಆ ಖರ್ಚನ್ನು ಉಳಿಸಬೇಡಿ.

ಹಳೆಯ ಆಹಾರದಿಂದ ಹೊಸದಕ್ಕೆ ಒಂದು ವಾರದಲ್ಲಿ ನಿಧಾನವಾಗಿ ಬದಲಾಯಿಸಿ, ತಿಂಗಳಿಗೊಮ್ಮೆ ತೂಕ ನೋಡುತ್ತಿರಿ. ಒಂದು ಎಚ್ಚರಿಕೆಯನ್ನು ಉಳಿದ ಓದುಗರಿಗೂ ಹೇಳಬೇಕು: ಈ ಅಳತೆ ಬೆಳೆದ ನಾಯಿಗೆ ಮಾತ್ರ. ಹಾಲು ಅನ್ನದಲ್ಲೇ ಬೆಳೆಸಿದ, ಕಾಲಿನ ಮೂಳೆ ಬಾಗಿ ನಡೆಯಲಾರದ ಮರಿಗಳನ್ನು ನಾನು ಇಂದಿಗೂ ನೋಡುತ್ತಿದ್ದೇನೆ. ಆರೇಳು ತಿಂಗಳವರೆಗಾದರೂ ಮರಿಗಳ ಆಹಾರವೆಂದೇ ಬರುವ ಪ್ಯಾಕೆಟ್ ಹಾಕಿದರೆ ಒಟ್ಟು ಲೆಕ್ಕದಲ್ಲಿ ಅದೇ ಅಗ್ಗ.

ಪ್ರಶ್ನೆ: ಡಾಕ್ಟರ್ ಸರ್, ನಾನು ಲಗ್ಗೆರೆಯಲ್ಲಿರುವ ಆಟೋ ಚಾಲಕ. ಮಗಳು ಎರಡು ತಿಂಗಳ ಹೆಣ್ಣುಮರಿಯೊಂದನ್ನು ಎತ್ತಿಕೊಂಡು ಬಂದಿದ್ದಾಳೆ. ಖಾಸಗಿ ಕ್ಲಿನಿಕ್ಕಿನಲ್ಲಿ ಲಸಿಕೆಗಳ ದೊಡ್ಡ ಪಟ್ಟಿಯನ್ನೇ ಬರೆದುಕೊಟ್ಟರು. ಎಲ್ಲವನ್ನೂ ಹಾಕಿಸುವ ಶಕ್ತಿ ನನಗಿಲ್ಲ. ಯಾವುದನ್ನು ಬಿಡಬಹುದು?

ಉತ್ತರ: ಬಿಡಬಹುದಾದವೂ ಇವೆ, ಅದನ್ನು ಕೇಳಲು ನೀವು ಸಂಕೋಚಪಡಬೇಕಿಲ್ಲ. ಕೆನಲ್ ಕಾಫ್ ಎನ್ನುವ ಕೆಮ್ಮಿನ ಲಸಿಕೆ, ನಾಲ್ಕಾರು ನಾಯಿಗಳ ನಡುವೆ ಬಿಟ್ಟು ಊರಿಗೆ ಹೋಗುವವರಿಗೆ ಬೇಕಾದದ್ದು. ನಿಮಗೆ ಸದ್ಯಕ್ಕೆ ಬೇಡ. ನಾಯಿಗಳ ಕೊರೊನಾ ಲಸಿಕೆಯೂ ಅಗತ್ಯವಿಲ್ಲ.

ಬಿಡಲೇಬಾರದವು ಎರಡು. ಒಂದು, ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳನ್ನು ತಡೆಯುವ ಸಂಯುಕ್ತ ಲಸಿಕೆ. ಇಲಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಕೂಡ ಸೇರಿರುವ ಬಗೆ ಸಿಕ್ಕರೆ, ನಮ್ಮ ಮೋರಿಗಳ ಸ್ಥಿತಿಯನ್ನು ನೋಡಿದರೆ, ಅದೇ ಮೇಲು. ಆರರಿಂದ ಎಂಟು ವಾರದಲ್ಲಿ ಶುರುಮಾಡಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹಾಕಿಸುತ್ತಾ ಹೋಗಿ, ಕೊನೆಯದು 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಎರಡು ಚುಚ್ಚಿಸಿ ಮೂರನೆಯದನ್ನು ಉಳಿಸಿದವರ ಮರಿಗಳೇ ಪಾರ್ವೊ ವಾಂತಿಭೇದಿಯಿಂದ ನಮ್ಮ ಟೇಬಲ್ಲಿಗೆ ಬರುವುದು ಹೆಚ್ಚು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮೊದಲ ಚುಚ್ಚುಮದ್ದುಗಳ ಪರಿಣಾಮವನ್ನು ತಗ್ಗಿಸಬಲ್ಲದು, ಆದ್ದರಿಂದಲೇ ಕೊನೆಯದಕ್ಕೆ ಅಷ್ಟು ಬೆಲೆ. ಪಾರ್ವೊ ಬಂದರೆ ದಿನಗಟ್ಟಲೆ ಗ್ಲೂಕೋಸ್ ಏರಿಸಬೇಕಾಗುತ್ತದೆ, ಆ ಒಂದು ವಾರದ ಬಿಲ್ಲಿನಲ್ಲಿ ಹಲವು ವರ್ಷಗಳ ಲಸಿಕೆ ಹಾಕಿಸಬಹುದು. ಅಷ್ಟಾದರೂ ಮರಿ ಉಳಿಯುತ್ತದೆಂಬ ಖಾತರಿಯಿಲ್ಲ. ಲಸಿಕೆಗಳು ಮುಗಿಯುವವರೆಗೆ ಅದನ್ನು ಬೀದಿಯಲ್ಲಿ ನೆಲಕ್ಕೆ ಬಿಡದೆ, ಹೊರಗೆ ಹೋಗುವಾಗ ಎತ್ತಿಕೊಂಡೇ ಹೋಗುವಂತೆ ಮಗಳಿಗೆ ಹೇಳಿ.

ಎರಡನೆಯದು ರೇಬಿಸ್, ಅಂದರೆ ಹುಚ್ಚುನಾಯಿ ರೋಗದ ಲಸಿಕೆ. ಮೂರು ತಿಂಗಳು ತುಂಬಿದ ಮೇಲೆ ಒಮ್ಮೆ, ಅನಂತರ ವರ್ಷ ವರ್ಷವೂ ಹಾಕಿಸಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ, ಅಪಾಯ ನಿಮ್ಮ ಮಗಳಿಗೂ ಇದೆ. ಪಾಲಿಕೆಯ ನಾಯಿ ಪರವಾನಗಿಗೂ ಈ ಲಸಿಕೆಯ ಪ್ರಮಾಣಪತ್ರ ಬೇಕು. ಈ ರೋಗದ ಲಸಿಕೆಯನ್ನು ಮೊದಲು ರೂಪಿಸಿದ ವಿಜ್ಞಾನಿ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬಿಸ್ ದಿನವೆಂದು ಆಚರಿಸುತ್ತಾರೆ, ಅದರ ಆಸುಪಾಸಿನಲ್ಲಿ ಉಚಿತ ಲಸಿಕಾ ಶಿಬಿರಗಳು ನಡೆಯುತ್ತವೆ.

ಖಾಸಗಿ ಕ್ಲಿನಿಕ್ಕೇ ಆಗಬೇಕೆಂದಿಲ್ಲ. ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯಲ್ಲೂ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಖರ್ಚು ಖಾಸಗಿಗಿಂತ ಬಹಳ ಕಡಿಮೆ. ಕಾಯಬೇಕಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ. ನಿಮ್ಮದೇ ಆಟೋ ಇದೆಯಲ್ಲ. ಹೆಣ್ಣುಮರಿಯಾದ್ದರಿಂದ ಸಂತಾನಹರಣದ ಶಸ್ತ್ರಚಿಕಿತ್ಸೆಯ ದಿನವನ್ನೂ ಅಲ್ಲಿಯೇ ಕೇಳಿಟ್ಟುಕೊಳ್ಳಿ. ಅದನ್ನು ಮುಂದೂಡಿದ ಎಷ್ಟೋ ಮನೆಗಳಲ್ಲಿ ನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ, ಅಪರಾತ್ರಿಯಲ್ಲಿ ಅದೇ ಶಸ್ತ್ರಚಿಕಿತ್ಸೆಯನ್ನು ಹಲವು ಪಟ್ಟು ಹಣ ತೆತ್ತು ಮಾಡಿಸಿದ್ದಾರೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ವಿಪರೀತ ಉಣ್ಣೆ. ಔಷಧಿ ದುಬಾರಿಯೆಂದು ಬೇವಿನ ಎಣ್ಣೆ, ಕರ್ಪೂರ ಹಚ್ಚಿ ನೋಡಿದೆ. ಸೀಮೆಎಣ್ಣೆ ಒರೆಸಿದರೆ ಸಾಯುತ್ತವೆಯೆಂದು ಪಕ್ಕದ ಮನೆಯವರು ಹೇಳುತ್ತಾರೆ. — ಗೃಹಿಣಿ, ವಿದ್ಯಾರಣ್ಯಪುರ

ಉತ್ತರ: ಸೀಮೆಎಣ್ಣೆಯ ಸಹವಾಸವೇ ಬೇಡ. ಅದು ಚರ್ಮವನ್ನು ಸುಡುತ್ತದೆ, ನಾಯಿ ನೆಕ್ಕಿಕೊಂಡರೆ ಶ್ವಾಸಕೋಶಕ್ಕೂ ಕುತ್ತು. ಕರ್ಪೂರವೂ ನೆಕ್ಕಿದರೆ ವಿಷ. ಹಸುಗಳಿಗೆ ಸಿಂಪಡಿಸುವ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಸ್ನಾನ ಮಾಡಿಸುವುದೂ ಅಷ್ಟೇ ಅಪಾಯ.

ಮೈಮೇಲೆ ಕಾಣುವುದು ಉಣ್ಣೆಗಳ ಸಂಸಾರದ ಒಂದು ಪಾಲು ಮಾತ್ರ. ರಕ್ತ ಕುಡಿದ ಹೆಣ್ಣು ಕೆಳಗಿಳಿದು ಗೋಡೆಯ ಬಿರುಕು, ಮಂಚದ ಸಂದು, ಕಿಟಕಿಯ ಚೌಕಟ್ಟುಗಳಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಆದ್ದರಿಂದ ಹಣ ಉಳಿಸುವ ದಾರಿ ಮೈಯಲ್ಲಿಲ್ಲ, ಮನೆಯಲ್ಲಿದೆ: ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ನಾಯಿ ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕಿ, ಸಂಜೆಯ ವಾಕಿಂಗ್ ಮುಗಿದ ಮೇಲೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಹುಡುಕಿ ಚಿಮಟದಿಂದ ಕಿತ್ತು ಸಾಬೂನು ನೀರಿಗೆ ಹಾಕಿ. ಕೈಯಿಂದ ಹಿಸುಕಬೇಡಿ.

ಇದರ ಜೊತೆಗೆ ಬೆನ್ನಿನ ಮೇಲೆ ತಿಂಗಳಿಗೊಮ್ಮೆ ಬಿಡುವ ಹನಿ ಔಷಧಿಯನ್ನೋ ವೈದ್ಯರು ತೂಕ ನೋಡಿ ಕೊಡುವ ಮಾತ್ರೆಯನ್ನೋ ತಪ್ಪದೆ ಹಾಕಬೇಕು. ನಮ್ಮ ಊರಿನ ಹವೆ ಉಣ್ಣೆಗೆ ವರ್ಷವಿಡೀ ಒಗ್ಗುತ್ತದೆ, ಬೇಸಿಗೆಯಲ್ಲಿ ಮಾತ್ರ ಹಾಕಿದರೆ ಸಾಲದು. ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ಉಣ್ಣೆಜ್ವರವಿರಬಹುದು. ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಎರ್ಲಿಕಿಯ ಎಂಬ ಬಗೆಯದಾದರೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆಯನ್ನು 28 ದಿನ ಕೊಡುತ್ತೇವೆ. ಬೇಗ ಬಂದವರಿಗೆ ಅಷ್ಟರಲ್ಲೇ ಮುಗಿಯುತ್ತದೆ, ತಡಮಾಡಿದವರು ರಕ್ತ ಕೊಡಿಸಲು ಓಡಾಡಬೇಕಾಗುತ್ತದೆ.

ಪ್ರಶ್ನೆ: ಹಾಸಿಗೆ, ಸ್ವೆಟರ್, ಆಟಿಕೆ, ಸಲೂನು ಎಂದು ತಿಂಗಳ ಸಂಬಳದಲ್ಲಿ ದೊಡ್ಡ ಪಾಲು ನಮ್ಮ ಬೀಗಲ್‌ಗೇ ಹೋಗುತ್ತಿದೆ. ಎಲ್ಲಿ ಕಡಿಮೆ ಮಾಡಲಿ? — ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ನೀವು ಬರೆದ ಎಲ್ಲದರಲ್ಲೂ. ಗೋಣಿಚೀಲಕ್ಕೆ ಹಳೆಯ ಕಾಟನ್ ಸೀರೆ ತುಂಬಿ ಹೊಲಿದರೆ ಹಾಸಿಗೆಯಾಯಿತು, ಒಗೆಯುವುದೂ ಸುಲಭ. ಡಿಸೆಂಬರ್ ಚಳಿಗೆ ಆರೋಗ್ಯವಂತ ಬೀಗಲ್‌ಗೆ ಸ್ವೆಟರ್ ಬೇಕಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಮನೆಯಲ್ಲೇ ಸ್ನಾನ ಮಾಡಿಸಿ, ನಡುವೆ ಬ್ರಷ್ ಮಾಡಿದರೆ ನೀರೂ ಉಳಿಯುತ್ತದೆ. ಆಟಿಕೆಯ ಬದಲು ಊಟವನ್ನೇ ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ, ಬೀಗಲ್‌ಗೆ ಮೂಗೇ ಆಟ. ಹೀಗೆ ಉಳಿದ ಹಣವನ್ನು ನಾಯಿಯ ಹೆಸರಿನಲ್ಲೇ ಒಂದು ಆರ್‌.ಡಿ. ಖಾತೆಗೆ ಹಾಕುತ್ತಾ ಬನ್ನಿ. ಏಕೆಂಬುದು ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ನನ್ನ ತಾಯಿ ಜಯನಗರದಲ್ಲಿ ಹೂವು ಮಾರುತ್ತಾರೆ, ಅವರ ಪರವಾಗಿ ಬರೆಯುತ್ತಿದ್ದೇನೆ. ಬುಟ್ಟಿಯ ಪಕ್ಕದಲ್ಲೇ ಮಲಗಿ ಬೆಳೆದ ರಾಜನಿಗೆ ಈಗ ಹದಿಮೂರು ವರ್ಷ. ಮೂತ್ರಪಿಂಡ ಸೋತಿದೆಯೆಂದು ಹೇಳಿದ್ದಾರೆ. ದಿನವೂ ಡ್ರಿಪ್, ವಾರಕ್ಕೊಮ್ಮೆ ಪರೀಕ್ಷೆ ಎಂದರೆ ನಮ್ಮಿಂದಾಗದು. ಬಿಟ್ಟುಬಿಟ್ಟರೆ ಪಾಪ ಬರುತ್ತದೆಂದು ಅಮ್ಮ ಅಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು, ನೋವಿಗೆಂದು ಮನೆಯಲ್ಲಿರುವ ಮಾತ್ರೆಗಳನ್ನು ಕೊಡುತ್ತಿದ್ದರೆ ಇಂದೇ ನಿಲ್ಲಿಸಿ. ಮನುಷ್ಯರ ಐಬುಪ್ರೊಫೇನ್‌ನಂಥ ಮಾತ್ರೆ ಉಳಿದಿರುವ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಅನಂತರ ವೈದ್ಯರ ಮುಂದೆ ನಿಮ್ಮ ಮಿತಿಯನ್ನು ಬಾಯಿಬಿಟ್ಟು ಹೇಳಿ. ತಿಂಗಳಿಗೆ ಇಷ್ಟು ಮಾತ್ರ ಸಾಧ್ಯ, ಇದರಲ್ಲಿ ನಾಯಿಗೆ ಹೆಚ್ಚು ನೆಮ್ಮದಿ ಕೊಡುವುದು ಯಾವುದು ಎಂದು ಕೇಳುವುದರಲ್ಲಿ ಅವಮಾನವಿಲ್ಲ, ಹಾಗೆ ಕೇಳಿದವರಿಗೆ ಯೋಚಿಸಿ ದಾರಿ ತೋರಿಸುವುದು ನಮಗೂ ಸುಲಭ. ಪ್ರತಿಯೊಂದು ಪರೀಕ್ಷೆಗೂ ಮುನ್ನ ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಕೇಳಿ. ಬದಲಾಗದಿದ್ದರೆ ಅದನ್ನು ಬಿಡಬಹುದು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ರಕ್ತದಲ್ಲಿ ಏರುವ ಹೊತ್ತಿಗೆ ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಶಕ್ತಿ ಆಗಲೇ ಹೋಗಿರುತ್ತದೆ, ವಾರ ವಾರ ಅಳೆದರೆ ಹೋದದ್ದು ಮರಳಿ ಬಾರದು.

ರಾಜನ ಸ್ಥಿತಿಗೆ ಹೊಂದುವುದಾದರೆ, ರಕ್ತನಾಳದ ಬದಲು ಚರ್ಮದಡಿಗೆ ದ್ರವ ಹಾಕುವುದನ್ನು ನಿಮಗೇ ಕಲಿಸಿಕೊಡಿ ಎಂದು ಕೇಳಿ. ಬಾಟಲಿ ಅಗ್ಗ, ದುಬಾರಿಯಾದದ್ದು ದಿನನಿತ್ಯದ ಕ್ಲಿನಿಕ್ ಓಡಾಟ. ಊಟದಲ್ಲಿ ಮಾಂಸ, ಮೂಳೆ, ಮೊಟ್ಟೆಯ ಹಳದಿ ಬಿಟ್ಟು, ಅನ್ನ, ಬೇಯಿಸಿದ ಮೊಟ್ಟೆಯ ಬಿಳಿ, ಸ್ವಲ್ಪ ತುಪ್ಪ ಕೊಡಿ; ರಂಜಕ, ಅಂದರೆ ಫಾಸ್ಫರಸ್, ಕಡಿಮೆಯಾದಷ್ಟೂ ಸೋತ ಮೂತ್ರಪಿಂಡಕ್ಕೆ ಹಗುರ. ಮೊಟ್ಟೆಯ ಚಿಪ್ಪಿನ ಪುಡಿಯನ್ನು ವೈದ್ಯರು ಹೇಳದೆ ಹಾಕಬೇಡಿ. ನೀರು ಸದಾ ಬಾಯಿಗೆ ಸಿಗುವಂತಿರಲಿ, ಎಷ್ಟು ಕುಡಿದರೂ ತಡೆಯಬೇಡಿ.

ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಒಂದು ಗುರುತು ಹಾಕಲು ಅಮ್ಮನಿಗೆ ಹೇಳಿ: ರಾಜ ತಾನಾಗಿ ತಿಂದು, ತಾನಾಗಿ ಎದ್ದು, ಅವರನ್ನು ನೋಡಿ ತಲೆಯೆತ್ತಿದ ದಿನಕ್ಕೆ ಸರಿ, ಇಲ್ಲದ ದಿನಕ್ಕೆ ತಪ್ಪು. ತಪ್ಪುಗಳು ಸರಿಗಳನ್ನು ಮೀರಿದ ವಾರ, ದಯಾಮರಣದ ಬಗ್ಗೆ ಮಾತನಾಡಲು ವೈದ್ಯರ ಬಳಿ ಹೋಗಿ. ಅದನ್ನು ಬಿಟ್ಟುಬಿಡುವುದೆಂದು ನಾನು ಕರೆಯುವುದಿಲ್ಲ. ವಾಂತಿ, ಬಾಯಿಹುಣ್ಣುಗಳಲ್ಲಿ ಹಲವು ದಿನ ನರಳಲು ಬಿಡುವುದೇ ನಿಜವಾಗಿ ಬಿಟ್ಟುಬಿಡುವುದು. ಮೊದಲು ಮಂಪರು ಬರಿಸುವ ಇಂಜೆಕ್ಷನ್, ಅದು ನಿದ್ರೆಗೆ ಜಾರಿದ ಮೇಲೆ ಎರಡನೆಯದು ಕೊಡುವಂತೆ ಕೇಳಿಕೊಳ್ಳಿ. ಮನೆಗೇ ಬರುವ ವೈದ್ಯರೂ ನಗರದಲ್ಲಿದ್ದಾರೆ. ಆ ಹೊತ್ತಿನಲ್ಲಿ ಅಮ್ಮ ಪಕ್ಕದಲ್ಲೇ ಕುಳಿತು ಅದರ ತಲೆ ಸವರುತ್ತಿರಬಹುದು, ಹೂವಿನ ಬುಟ್ಟಿಯನ್ನೂ ಹತ್ತಿರ ಇಟ್ಟುಕೊಳ್ಳಲಿ. ಆ ವಾಸನೆ ರಾಜನಿಗೆ ಗೊತ್ತು.