ಡಿಎನ್ಎಸ್‌ಸೆಕ್ ಆನ್ ಮಾಡಿದರೆ ಸೈಟ್ ಪೂರ್ತಿ ಸೇಫಾ?

ಪೂರ್ತಿ ಅಲ್ಲ; ಸೈಟಿನ ವಿಳಾಸ ಹುಡುಕಿಕೊಡುವ ಡಿಎನ್ಎಸ್ ವ್ಯವಸ್ಥೆಗೆ ಮಾತ್ರ ಅದು ರಕ್ಷಣೆ. ಆದರೂ ಉಡುಪಿಯ ನಿಮ್ಮ ಅಂಗಡಿಯ ಸೈಟಿಗೆ ಆನ್ ಮಾಡಿ ಅಂತಲೇ ಹೇಳುತ್ತೇನೆ.

ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ (ಸೈಟ್ ಇರುವ ಕಂಪ್ಯೂಟರಿನ ಅಂಕಿಗಳ ವಿಳಾಸ) ಹೇಳುವುದು ಡಿಎನ್ಎಸ್ ಕೆಲಸ. 1980ರ ದಶಕದಲ್ಲಿ ಇದನ್ನು ರೂಪಿಸಿದಾಗ, ಬಂದ ಉತ್ತರ ಅಸಲಿಯಾ ಅಂತ ನೋಡುವ ದಾರಿಯೇ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ರಥಬೀದಿಗೆ ದಾರಿ ಕೇಳಿ, ಮೊದಲು ಕೈ ತೋರಿಸಿದವರನ್ನೇ ನಂಬಿ ಹೊರಟ ಹಾಗೆ. ನಮ್ಮ ಪರವಾಗಿ ವಿಳಾಸ ಹುಡುಕುವ ಸರ್ವರ್ ಆದ ರಿಸಾಲ್ವರ್‌ನ ಕ್ಯಾಶ್‌ಗೆ (ಉತ್ತರಗಳನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗ) ಸುಳ್ಳು ವಿಳಾಸ ತುರುಕುವುದು ಎಷ್ಟು ಸುಲಭ ಅಂತ 2008ರಲ್ಲಿ ಭದ್ರತಾ ಸಂಶೋಧಕ ಡ್ಯಾನ್ ಕಮಿನ್ಸ್ಕಿ ತೋರಿಸಿದಾಗ ಎಲ್ಲರಿಗೂ ಬಿಸಿ ಮುಟ್ಟಿತು.

ಡಿಎನ್ಎಸ್‌ಸೆಕ್ ಈ ಉತ್ತರಗಳಿಗೆ ಅಸಲಿಯಾ ಅಂತ ಪರೀಕ್ಷಿಸಬಹುದಾದ ಡಿಜಿಟಲ್ ಸಹಿ ಹಾಕುತ್ತದೆ. ಸಹಿಯ ಸರಪಳಿ ರೂಟ್‌ವರೆಗೆ, ಅಂದರೆ ಡಿಎನ್ಎಸ್‌ನ ತುತ್ತತುದಿಯವರೆಗೆ ಹೋಗುತ್ತದೆ. ಇಂಟರ್ನೆಟ್ ಮಾನದಂಡ ರೂಪಿಸುವ ಸಂಸ್ಥೆ ಐಇಟಿಎಫ್ ಈಗಿನ ಮಾನದಂಡ ಪ್ರಕಟಿಸಿದ್ದು 2005ರಲ್ಲಿ, ರೂಟ್‌ಗೆ ಸಹಿ ಬಿದ್ದದ್ದು 2010ರ ಜುಲೈನಲ್ಲಿ. ನಿಧಾನವೇ, ಅಲ್ವಾ?

ಇದು ಯಾವುದನ್ನೂ ಮುಚ್ಚಿಡುವುದಿಲ್ಲ. ಯಾರು ಯಾವ ಸೈಟ್ ಹುಡುಕಿದರು ಅನ್ನುವುದು ದಾರಿಯಲ್ಲಿ ಕಾಣುತ್ತಲೇ ಇರುತ್ತದೆ. ಅದಕ್ಕೆ ಪ್ರಶ್ನೆ-ಉತ್ತರಗಳನ್ನು ಗುಪ್ತವಾಗಿ ಕಳಿಸುವ ಡಿಎನ್ಎಸ್ ಓವರ್ ಎಚ್‌ಟಿಟಿಪಿಎಸ್‌ನಂಥದ್ದು ಬೇರೆ ಬೇಕು. ಸೈಟ್ ಹ್ಯಾಕ್ ಆಗುವುದನ್ನೂ ಇದು ತಡೆಯದು.

ಒಂದು ಎಚ್ಚರಿಕೆ: ಡಿಎನ್ಎಸ್ ಕಂಪನಿ ಬದಲಿಸುವ ಮೊದಲು ರಿಜಿಸ್ಟ್ರಾರ್ (ಸೈಟಿನ ಹೆಸರು ನೋಂದಾಯಿಸಿದ ಕಂಪನಿ) ಹತ್ತಿರವಿರುವ ಹಳೆಯ ಡಿಎಸ್ ರೆಕಾರ್ಡ್ (ನಿಮ್ಮ ಸಹಿಯನ್ನು ಮೇಲಿನ ಸರಪಳಿಗೆ ಜೋಡಿಸುವ ದಾಖಲೆ) ತೆಗೆಸಿ, ಒಂದೆರಡು ದಿನ ಬಿಡಿ. ಮರೆತರೆ, ಸಹಿ ಪರೀಕ್ಷಿಸುವ ರಿಸಾಲ್ವರ್ ಬಳಸುವವರಿಗೆ ನಿಮ್ಮ ಸೈಟ್ ತೆರೆಯುವುದೇ ಇಲ್ಲ.